ಅರ್ಕಾವೊತ್ತು ನುಂಗಿದ ಅಪ್‌ಡೇಟ್

ನನ್ನ ಮಾತನ್ನು ಎಲ್ಲರೂ ಕೇಳಬೇಕೆಂಬ ಆಸೆ ನನಗೆ ಎಂದೂ ಇರಲಿಲ್ಲ. ಏನಾದರೂ ಮಾಡುವ ಮೊದಲು ಯಾರಾದರೊಬ್ಬರು ನನ್ನನ್ನು ಒಂದು ಮಾತು ಕೇಳಲಿ ಎಂಬಷ್ಟೇ ಆಸೆ ಇತ್ತು. ಅದೂ ಈಡೇರಲಿಲ್ಲ. ಮನೆಯಲ್ಲಿ ಎಲ್ಲ ತೀರ್ಮಾನಗಳೂ ನನ್ನ ಹೆಂಡತಿ ಸುಮಂಗಲಾಳವು. ನನಗೆ ಅವು ತಿಳಿಯುವುದು ಎಡವಿ ಬಿದ್ದಾಗ. ಒಂದು ಸಂಜೆ ಅಂಗಡಿಯಿಂದ ಮನೆಗೆ ಹೋದರೆ ನಮ್ಮಪ್ಪನ ಕಾಲದ ಮಂಚವಿದ್ದ ಜಾಗದಲ್ಲಿ ಹೊಸದೊಂದು ದಿವಾನ್ ಸೋಫಾ ಕೂತಿತ್ತು. “ಮಂಚ ಎಲ್ಲಿ?” ಎಂದೆ. “ಹೋತು” ಎಂದಳು. “ನಾ ಎಲ್ಲಿ ಮಲಗ್ಲಿ?” ಎಂದೆ. “ಅದರ ಮ್ಯಾಲೆ ಮಲಗ್ರಿ. ನಾಕ್ ದಿನಕ್ಕ ರೂಢಿ ಆಗ್ತೈತಿ” ಎಂದಳು. ರೂಢಿಯಾಯಿತು. ನನ್ನ ದೊಡ್ಡ ದೋಷವೇ ಅದು, ನನಗೆ ಎಲ್ಲವೂ ರೂಢಿಯಾಗುತ್ತದೆ.

ಹೀಗಿರುವಾಗ ಈ ಭೂಮಿಯ ಮೇಲೆ ನನ್ನ ಅಪ್ಪಣೆಗಾಗಿ ಕಾಯುವ ಒಂದು ಜೀವ ಸಿಕ್ಕಿತು ಎಂದರೆ ಅದು ಅಂಗಡಿಯ ಕಂಪ್ಯೂಟರ್. ಕೆಲಸದ ನಡುವೆ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಚೌಕ ತಲೆಯೆತ್ತಿ, ಹೊಸ ಆವೃತ್ತಿ ಬಂದಿದೆ, ಈಗಲೇ ಹಾಕಿಕೊಳ್ಳಲೇ, ಆಮೇಲೆ ನೆನಪಿಸಲೇ ಎಂದು ವಿನಯದಿಂದ ಕೇಳುತ್ತಿತ್ತು. ಮೊದಲ ದಿನ ಅದನ್ನು ಮೂರು ಸಲ ಓದಿದೆ. ಈಗಲೇ ಎಂದರೆ ಅದು ಮತ್ತೆ ಕೇಳುವುದಿಲ್ಲವಲ್ಲ! ಆದ್ದರಿಂದ ‘ಆಮೇಲೆ’ ಎಂಬುದನ್ನು ಒತ್ತಿದೆ. ಮರುದಿನ ಮತ್ತೆ ಕೇಳಿತು. ಮತ್ತೆ ‘ಆಮೇಲೆ’. ಕಚೇರಿಗಳಲ್ಲಿ ಗುಮಾಸ್ತರು ಕತ್ತೆತ್ತದೆ “ನಾಳೆ ಬರ್ರಿ” ಅನ್ನುವಾಗ ಅವರ ಮುಖದ ಮೇಲೆ ಒಂದು ತಣ್ಣನೆಯ ಸುಖ ಹರಡುತ್ತದೆ, ನೋಡಿದ್ದೀರಾ? ಆ ಸುಖ ಏನೆಂದು ನನಗೆ ಆಗ ತಿಳಿಯಿತು. ಜನ ಯಾಕೆ ಲಂಚ ಕೊಟ್ಟಾದರೂ ಆ ಕುರ್ಚಿ ಹಿಡಿಯುತ್ತಾರೆ ಎಂಬುದೂ ತಿಳಿಯಿತು.

ನನ್ನ ಅಂಗಡಿ ಹಾನಗಲ್ಲಿನಲ್ಲಿ, ಬಸ್‌ಸ್ಟ್ಯಾಂಡಿನಿಂದ ಕೂಗಳತೆಯ ದೂರದಲ್ಲಿದೆ. ಝೆರಾಕ್ಸ್, ಲ್ಯಾಮಿನೇಶನ್, ಅರ್ಜಿ ತುಂಬುವುದು ಇತ್ಯಾದಿ ಸುಮಂಗಲಾಳ ಪಾಲು. ನನ್ನ ಪಾಲು ಲಗ್ನಪತ್ರಿಕೆ. ಹಾನಗಲ್ಲ, ಹಿರೇಕೆರೂರ, ಸವಣೂರ ಕಡೆಯ ಎಷ್ಟೋ ಸಂಸಾರಗಳು ನನ್ನ ಕೀಲಿಮಣೆಯ ಮೇಲೆಯೇ ಶುರುವಾಗಿವೆ. ಮುಂದೆ ಅವು ಹೇಗೆ ನಡೆದವು ಎಂಬುದಕ್ಕೆ ನಾನು ಜವಾಬ್ದಾರನಲ್ಲ. ಈ ಕೆಲಸದಲ್ಲಿ ನಾನು ಕಂಡುಕೊಂಡ ಒಂದು ಸತ್ಯವನ್ನು ನಿಮಗೆ ಗುಟ್ಟಾಗಿ ಹೇಳುತ್ತೇನೆ: ಲಗ್ನಪತ್ರಿಕೆಯನ್ನು ಯಾರೂ ಓದುವುದಿಲ್ಲ. ಪ್ರತಿಯೊಬ್ಬರೂ ಅದರಲ್ಲಿ ತಮ್ಮ ಹೆಸರನ್ನು ಹುಡುಕುತ್ತಾರೆ. ಸಿಕ್ಕರೆ ಅದು ಯಾರ ಹೆಸರಿನ ಕೆಳಗಿದೆ ಎಂದು ನೋಡುತ್ತಾರೆ. ತನ್ನ ಹೆಸರು ಷಡ್ಡಕನ ಹೆಸರಿನ ಕೆಳಗೆ ಬಂತೆಂದು ಶಿಗ್ಗಾವಿಯ ಒಬ್ಬ ಯಜಮಾನರು ಸ್ವಂತ ನಾದಿನಿಯ ಮಗಳ ಮದುವೆಗೇ ಹೋಗಲಿಲ್ಲ. ಹೆಸರು ಇಲ್ಲದವರು ಊಟದ ವೇಳೆಯನ್ನು ನೋಡಿ ಪತ್ರಿಕೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸುತ್ತಾರೆ. ಮದುಮಕ್ಕಳ ಹೆಸರನ್ನು ಓದುವವರು ಬಹುಶಃ ಮದುಮಕ್ಕಳು ಮಾತ್ರ.

ನನ್ನ ‘ಆಮೇಲೆ’ಯ ರಾಜ್ಯಭಾರ ಬಹಳ ದಿನ ನಡೆಯಿತು. ಕೊನೆಗೆ ಯಾರೋ ಗಿರಾಕಿ ತಂದ ಪೆನ್‌ಡ್ರೈವಿನಿಂದ ಒಂದು ವೈರಸ್ ಇಳಿದು, ಅಂಗಡಿಯ ಕಡತಗಳೆಲ್ಲ ಒಂದೇ ಮಧ್ಯಾಹ್ನ ಮಾಯವಾದವು. ಶಿಗ್ಗಾವಿಯಿಂದ ಇಮ್ತಿಯಾಜನನ್ನು ಕರೆಸಿದೆವು. ಅವನು ಕಂಪ್ಯೂಟರ್ ರಿಪೇರಿಯವನು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಬಂದವನೇ ಪರದೆಯನ್ನು ನೋಡಿ, ವೈದ್ಯರು ನಾಲಿಗೆ ನೋಡಿ ಮುಖ ಸಿಂಡರಿಸುವಂತೆ ಸಿಂಡರಿಸಿದ.

“ಅಣ್ಣಾರ, ಎಷ್ಟ ದಿನದಿಂದ ‘ಆಮ್ಯಾಲೆ’ ಅಂತ ಒತ್ತಾಕತ್ತೀರಿ?”

“ಅದು ಕೇಳಾಕ ಶುರು ಮಾಡಿದಾಗಿಂದ” ಎಂದೆ.

“ಇದಕ್ಕ ನಿಮ್ಮಂಥವ್ರನ್ನ ಕೇಳಬಾರದು. ಕೇಳಿದ್ರ ಬ್ಯಾಡ ಅಂತೀರಿ. ಇನ್ನ ಮ್ಯಾಲೆ ಅದು ನಿಮ್ಮನ್ನ ಕೇಳೂದಿಲ್ಲ, ತಾನ ಅಪ್‌ಡೇಟ್ ಆಗ್ತೈತಿ. ಹಂಗ ಮಾಡಿ ಹೋಗ್ತೇನಿ.”

“ನನ್ನ ಮಷೀನು, ನನ್ನ ಕೇಳದ ಅದ್ಹೆಂಗ ಮಾಡ್ತೈತೋ?” ಎಂದೆ.

“ಕೂಸಿಗೆ ಲಸಿಕಿ ಹಾಕೂಮುಂದ ಕೂಸನ್ನ ಕೇಳ್ತಾರೇನ್ರಿ?”

“ಕೂಸಿನ ಅವ್ವನ್ನರ ಕೇಳ್ತಾರಲ್ಲ!”

ಝೆರಾಕ್ಸ್ ಯಂತ್ರದ ಕಡೆಯಿಂದ ಸುಮಂಗಲಾ ತಿರುಗಿ ನೋಡದೆಯೇ ಹೇಳಿದಳು: “ಈ ಅಂಗಡಿಗೆ ಅವ್ವ ನಾನ. ನಾ ಹೂಂ ಅಂದೇನಿ. ಹಾಕೋ ತಮ್ಮಾ.”

ಹೀಗೆ ನನ್ನ ಕೊನೆಯ ಅಧಿಕಾರವೂ ಹೋಯಿತು. ಅಂದಿನಿಂದ ಕಂಪ್ಯೂಟರ್ ನನ್ನ ಕಡೆ ತಿರುಗಿಯೂ ನೋಡದೆ ತನ್ನ ಪಾಡಿಗೆ ತಾನು ಸುಧಾರಿಸತೊಡಗಿತು. ಬೆಳಗ್ಗೆ ಬಂದು ನೋಡಿದರೆ ಮುದ್ರಿಸುವ ಗುಂಡಿ ಎಡಗಡೆಯಿಂದ ಬಲಗಡೆಗೆ ಸಂಸಾರ ಹೂಡಿರುತ್ತಿತ್ತು. ಕತ್ತರಿಸುವ ಗುಂಡಿ ಇದ್ದಲ್ಲಿ ಕತ್ತರಿಯ ಚಿತ್ರ ಹೋಗಿ ಬೇರೇನೋ ಬಂದಿರುತ್ತಿತ್ತು. ಒಂದು ದಿನ ಇಡೀ ಪರದೆ ಕಪ್ಪಾಗಿತ್ತು. ಕೆಟ್ಟಿತು ಎಂದು ನಾನು ಹೌಹಾರಿದರೆ, ಅದು ಕಣ್ಣಿಗೆ ತಂಪಂತೆ, ಹಾಗೆ ಮಾಡಿದ್ದೇವೆ ಎಂದು ಒಂದು ಒಕ್ಕಣೆ ಬಂತು. ನನ್ನ ಕಣ್ಣಿನ ಬಗ್ಗೆ ಎಲ್ಲೋ ಕೂತವರಿಗೆ ಇಷ್ಟು ಅಂತಃಕರಣ! ಆದರೆ ನ್ಯಾಯ ಹೇಳಬೇಕೆಂದರೆ, ಆಮೇಲೆ ಒಂದೇ ಒಂದು ವೈರಸ್ಸೂ ಒಳಗೆ ಕಾಲಿಡಲಿಲ್ಲ. ಆದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ.

ಆ ಹೊತ್ತಿನಲ್ಲಿ ಚಿಕ್ಕೇರೂರಿನ ಚನ್ನಬಸಪ್ಪನವರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡವರು, ಮಾತಿಗೆ ಮೊದಲು ಮರ್ಯಾದೆಯನ್ನು ನೆನೆಯುವವರು. ಹುಡುಗಿ ಪಾರ್ವತಿ, ಹಿರೇಕೆರೂರಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಹುಡುಗ ಮಲ್ಲಿಕಾರ್ಜುನ, ಯಲವಿಗಿಯವನು, ಸವಣೂರಿನಲ್ಲಿ ಔಷಧದ ಅಂಗಡಿ. ಹುಡುಗನಿಗೆ ತಂದೆ ಇಲ್ಲ. ಸಾಕಿ ಬೆಳೆಸಿದವರು ಅವನು ಕಾಕಾ ಎಂದು ಕರೆಯುವ ಚಿಕ್ಕಪ್ಪ ರುದ್ರಗೌಡರು. ಚನ್ನಬಸಪ್ಪನವರು ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಅಕ್ಷರ ಅಕ್ಷರವನ್ನೂ ಬೆರಳಿಟ್ಟು ನೋಡಿದರು. ‘ನಿಮ್ಮ ಆಶೀರ್ವಾದವೇ ಉಡುಗೊರೆ’ ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದರು. ಬೀಗರ ಕಡೆಯ ಹೆಸರುಗಳಲ್ಲಿ ರುದ್ರಗೌಡರದು ಎಲ್ಲಕ್ಕಿಂತ ಮೇಲಿರಬೇಕು, ಅದಕ್ಕೊಂದು ಚೌಕಟ್ಟೂ ಇರಬೇಕು ಎಂದರು. ಪ್ರೂಫ್ ನೋಡಿ, “ಒಂದೂ ತಪ್ಪಿಲ್ಲರಿ. ಇದ ಅಖೈರು. ನಾಳೆ ಅಚ್ಚು ಹಾಕಿ ಇಡ್ರಿ, ನಾಡಿದ್ದು ಒಯ್ತೇನಿ” ಎಂದು ಹೋದರು.

ಮರುದಿನ ಬೆಳಗ್ಗೆ ಗುಂಡಿ ಒತ್ತಿದರೆ ಪರದೆಯ ನಡುವೆ ಒಂದು ಚಕ್ರ ತಿರುಗುತ್ತಿತ್ತು. ನವೀಕರಣ ನಡೆದಿದೆ, ಆರಿಸಬೇಡಿ ಎಂದಿತ್ತು. ನಾನು ಆರಿಸಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ಹೋಗಿ ಮಿರ್ಚಿ, ಗಿರಮಿಟ್ಟು ತಿಂದು, ಮೇಲೊಂದು ಚಾ ಕುಡಿದು ಬಂದೆ. ಚಕ್ರ ನಿಂತಿತ್ತು. ಹಿಂದಿನ ದಿನ ಅಖೈರಾಗಿದ್ದ ಪತ್ರಿಕೆಯನ್ನು ತೆಗೆದು ಅಚ್ಚಿಗೆ ಬಿಟ್ಟೆ. ಹೊರಬಂದ ಮೊದಲ ಪ್ರತಿಯಲ್ಲಿ ಬಸವಣ್ಣನ ಚಿತ್ರದ ಬಣ್ಣ ಸರಿಯಾಗಿ ಬಂದಿದೆಯೇ ಎಂದು ನೋಡಿದೆ. ಬಹಳ ಚೆನ್ನಾಗಿ ಬಂದಿತ್ತು. ಕಟ್ಟು ಕಟ್ಟಿ ಇಟ್ಟೆ. ಚನ್ನಬಸಪ್ಪನವರು ಬಂದು ಒಯ್ದರು. ಒಂದನ್ನು ದೇವರ ಮುಂದೆ ಇಟ್ಟರು. ಮನೆಯವರು ಮೂಲೆಗಳಿಗೆ ಅರಿಸಿಣ ಹಚ್ಚಿದರು. ಚಿಕ್ಕೇರೂರಿನ ಅರ್ಧಕ್ಕರ್ಧ ಮನೆಗಳಿಗೆ ಹಂಚಿದ್ದೂ ಆಯಿತು. ನಾನು ಮೊದಲೇ ಹೇಳಲಿಲ್ಲವೇ, ಯಾರೂ ಓದಲಿಲ್ಲ.

ಓದಿದವರು ರುದ್ರಗೌಡರು. ಅದೂ ಯಲವಿಗಿಯ ಕಟ್ಟೆಯ ಮೇಲೆ ಹತ್ತು ಮಂದಿಯ ನಡುವೆ, ಕನ್ನಡಕ ಏರಿಸಿ, ದೊಡ್ಡ ದನಿಯಲ್ಲಿ. ಚೌಕಟ್ಟಿನೊಳಗಿನ ತಮ್ಮ ಹೆಸರನ್ನು ಎಲ್ಲರಿಗೂ ಕೇಳಿಸಬೇಕೆಂಬುದು ಅವರ ಉದ್ದೇಶ. ಅಲ್ಲಿಗೆ ತಲುಪುವ ಮೊದಲು ಮದುಮಕ್ಕಳ ಹೆಸರು ದಾಟಬೇಕಿತ್ತು. ಹೊಸ ಆವೃತ್ತಿಗೆ ನಮ್ಮ ಹಳೆಯ ಅಕ್ಷರಶೈಲಿಯ ಅರ್ಕಾವೊತ್ತು ಅದೇನೋ ಕಸದಂತೆ ಕಂಡು, ಇಡೀ ಪತ್ರಿಕೆಯಿಂದ ಗುಡಿಸಿ ಹೊರಗೆ ಹಾಕಿತ್ತು. ಮುಹೂರ್ತ ‘ಮುಹೂತ’ವಾಗಿತ್ತು. ಆಶೀರ್ವಾದ ‘ಆಶೀವಾದ’ವಾಗಿ, ಸರ್ವರಿಗೂ ಸ್ವಾಗತ ‘ಸವರಿಗೂ ಸ್ವಾಗತ’ವಾಗಿತ್ತು. ಮಲ್ಲಿಕಾರ್ಜುನ ‘ಮಲ್ಲಿಕಾಜುನ’ನಾಗಿದ್ದ. ಇಷ್ಟಾದರೂ ಬಚಾವಾಗಬಹುದಿತ್ತು. ಆದರೆ ಪಾರ್ವತಿಯ ಅರ್ಕಾವೊತ್ತನ್ನು ತೆಗೆದರೆ ಏನುಳಿಯುತ್ತದೆ, ನೀವೇ ಹೇಳಿ. ರುದ್ರಗೌಡರು ತುಂಬಿದ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದರು: “ಚಿರಂಜೀವಿ ಸೌಭಾಗ್ಯವತಿ ಪಾವತಿ!”

ಆಮೇಲೆ ಮೂಲೆಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದವರೊಬ್ಬರು ತಣ್ಣಗೆ ಕೇಳಿದರಂತೆ: “ಗೌಡ್ರ, ಪಾವತಿ ಪೂರಾ ಬಂತೇನ್ರಿ, ಬಾಕಿ ಐತೇನು?”

ಅಂದೇ ಮಧ್ಯಾಹ್ನ ಒಂದು ಜೀಪು ನನ್ನ ಅಂಗಡಿಯ ಮುಂದೆ ಬಂದು ನಿಂತಿತು. ಓಡಿಸಿಕೊಂಡು ಬಂದವನು ಮದುಮಗನೇ. ಅವನು ಹೊರಗೆ ಜೀಪು ನಿಲ್ಲಿಸಲು ಜಾಗ ಹುಡುಕುತ್ತಿದ್ದ. ರುದ್ರಗೌಡರು ಒಳಗೆ ಬಂದರು. ದಾರಿಯಲ್ಲಿಯೇ ಫೋನು ಮಾಡಿ ಕರೆಸಿದ್ದರೋ ಏನೋ, ಅವರ ಬೆನ್ನಿಗೇ ಚನ್ನಬಸಪ್ಪನವರೂ ಬೆವರು ಒರೆಸಿಕೊಳ್ಳುತ್ತ ಬಂದರು. ಗೌಡರು ಪತ್ರಿಕೆಯ ಕಟ್ಟನ್ನು ನನ್ನ ಕೀಲಿಮಣೆಯ ಮೇಲೆ ಎಸೆದರು. ಪರದೆಯ ತುಂಬ ಅದೇನೇನೋ ಅಕ್ಷರಗಳು ಓಡಿದವು.

“ಇದನ್ನ ಯಾರು ಬರಸಿದ್ರು?”

ನಾನು ಒಂದು ಪ್ರತಿಯನ್ನು ತೆಗೆದು ನೋಡಿದೆ. ಮೂವತ್ತು ಮದುವೆಗಳ ಸೀಸನ್ನಿನಲ್ಲಿಯೂ ಒಂದು ಒತ್ತು ತಪ್ಪದ ಕೈ ನನ್ನದು ಎಂದು ಹೇಳಿಕೊಂಡು ತಿರುಗಿದವನು ನಾನು. “ಗೌಡ್ರ, ಇದು ನಾ ಮಾಡಿದ್ದಲ್ಲರಿ. ಸಾಫ್ಟ್‌ವೇರ್ ತಾನ ಅಪ್‌ಡೇಟ್ ಆಗೇತಿ. ಅರ್ಕಾವೊತ್ತು ನುಂಗೇತಿ” ಎಂದೆ. ನನಗೇ ಅದು ಶುದ್ಧ ಸುಳ್ಳಿನಂತೆ ಕೇಳಿಸಿತು.

“ನನ್ನ ಹುಚ್ಚನ ಮಾಡಬ್ಯಾಡ್ರಿ! ಮಷೀನಿಗೆ ಪಾವತಿ ಅಂದ್ರ ಏನಂತ ಹೆಂಗ ಗೊತ್ತಾತು? ಹೇಳ್ರಿ!”

“ಅದಕ್ಕ ಗೊತ್ತಿಲ್ಲರಿ. ಅದು ಎಲ್ಲಾ ಕಡೀನೂ ಹಂಗ ಮಾಡೇತಿ. ನೋಡ್ರಿಲ್ಲಿ, ಮುಹೂತ...”

“ಮುಹೂತ ಗಿಹೂತ ಬ್ಯಾಡ. ಇದು ಬೇಕಂತ ಮಾಡಿದ್ದು. ಚನ್ನಬಸಪ್ಪಾರ, ನೀವು ಕೊಡೂದು ಕೊಟ್ಟು, ಊರಿಗೆಲ್ಲಾ ಡಂಗುರ ಸಾರಾಕ ಇವರ ಕಡಿಂದ ಅಚ್ಚು ಹಾಕ್ಸೀರಿ. ಒಂದ್ ಕಾರು ಕೇಳಿದ್ದಕ್ಕ ಹಿಂಗ ಮಾನ ಕಳೀತೀರೇನು?”

ಚನ್ನಬಸಪ್ಪನವರು ಕೈ ಮುಗಿದು ಏನೋ ಹೇಳಲು ಬಾಯಿ ತೆರೆದರು. ಆದರೆ ಮಾತು ಬಂದದ್ದು ಬಾಗಿಲ ಕಡೆಯಿಂದ.

“ಯಾವ ಕಾರು, ಕಾಕಾ?”

ಮಲ್ಲಿಕಾರ್ಜುನ ಜೀಪಿನ ಕೀಲಿ ಹಿಡಿದುಕೊಂಡು ಹೊಸ್ತಿಲ ಮೇಲೆ ನಿಂತಿದ್ದ. ಸುಮಂಗಲಾ ಝೆರಾಕ್ಸ್ ಯಂತ್ರವನ್ನು ನಿಲ್ಲಿಸಿದಳು. ರುದ್ರಗೌಡರು ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. “ನಿನ್ನ ಒಳ್ಳೇದಕ್ಕಪ್ಪ. ದಿನಾ ಸವಣೂರಿಗೆ ಮೋಟಾರ್ ಸೈಕಲ್ ಮ್ಯಾಲೆ ಓಡ್ಯಾಡ್ತಿ, ಮಳಿ ಗಾಳಿ...” ಎಂದರು.

“ನನ್ನ ಒಂದ್ ಮಾತು ಕೇಳಬೇಕಿತ್ತಲ್ಲ.”

“ಕೇಳಿದ್ರ ನೀ ಬ್ಯಾಡ ಅಂತಿದ್ದಿ.”

ಈ ಮಾತನ್ನು ನಾನು ಇದೇ ಅಂಗಡಿಯಲ್ಲಿ ಇಮ್ತಿಯಾಜನ ಬಾಯಿಂದ ಕೇಳಿದ್ದೆ. ಹುಡುಗ ಮಾವನ ಕಡೆ ತಿರುಗಿದ. “ಮಾವಾರ, ಇದು ಪಾರ್ವತಿಗೆ ಗೊತ್ತೈತೇನ್ರಿ?” ಎಂದ. ಚನ್ನಬಸಪ್ಪನವರು ತಲೆ ತಗ್ಗಿಸಿಕೊಂಡೇ, “ಆಕಿಗೆ ಗೊತ್ತಾದ್ರ ಲಗ್ನಾನ ಬ್ಯಾಡ ಅಂತಾಳಂತ ಹೇಳಿಲ್ಲಪ್ಪ” ಎಂದರು. ಸುಮಂಗಲಾ ಯಾರನ್ನೂ ಕೇಳದೆ ಎಲ್ಲರಿಗೂ ಚಾ ತರಿಸಿದಳು. ಯಾರೂ ಕುಡಿಯಲಿಲ್ಲ. ಮಲ್ಲಿಕಾರ್ಜುನ ಕಾಕಾನ ರಟ್ಟೆ ಹಿಡಿದು, “ಜೀಪಿನ್ಯಾಗ ಕುಂದರ್ರಿ” ಎಂದಷ್ಟೇ ಹೇಳಿ ಕರೆದುಕೊಂಡು ಹೋದ. ಸಾಕಿದವರ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟವೆಂಬುದು ಅವನ ನಡಿಗೆಯಲ್ಲಿ ಕಾಣುತ್ತಿತ್ತು.

ಆ ದಿನ ಮನೆಯಲ್ಲಿ ನನಗೆ ಅನ್ನ ಇಳಿಯಲಿಲ್ಲ. “ನನ್ನ ಕೈಯಿಂದ ಒಂದು ಲಗ್ನ ಮುರೀತು ನೋಡು” ಎಂದೆ. ಸುಮಂಗಲಾ ಸಾರು ಬಡಿಸುತ್ತ, “ಬರೇ ಹೆಸರು ತಪ್ಪಾಗಿತ್ತಂದ್ರ ಗೌಡ್ರು ಹೆಸರು ತಪ್ಪೈತಿ ಅಂತಿದ್ರು. ಪಾವತಿ ಅಂದಕೂಡಲೆ ಅವರಿಗೆ ಕಾರು ಯಾಕ ನೆನಪಾತು? ಮುರಿಯೂದಿದ್ರ ಮುರೀಲಿ ಬಿಡ್ರಿ, ಉಣ್ರಿ” ಎಂದಳು. ಉಂಡೆ.

ಮರುದಿನ ಇಮ್ತಿಯಾಜ ಬಂದು ಕಂಪ್ಯೂಟರಿನ ಮುಂದೆ ಕೂತಿದ್ದಾಗ ಹಿರೇಕೆರೂರಿನ ಬಸ್ಸಿನಿಂದ ಪಾರ್ವತಿ ಇಳಿದು ಬಂದಳು. ಒಬ್ಬಳೇ. ನಾನು ಆಕೆಯನ್ನು ಅದುವರೆಗೆ ಅಕ್ಷರಗಳಲ್ಲಿ ಮಾತ್ರ ಕಂಡಿದ್ದೆ, ಅದೂ ತಪ್ಪಾದ ಅಕ್ಷರಗಳಲ್ಲಿ. ಎತ್ತರದ ಹುಡುಗಿ, ಹೆಗಲಿಗೆ ಶಾಲೆಯ ಚೀಲ. “ಪಾವತಿ ಅಂದ್ರ ನಾನರಿ” ಎಂದು ಪರಿಚಯ ಹೇಳಿಕೊಂಡಳು. ನನ್ನ ಮುಖ ಹೇಗಾಗಿತ್ತೋ, ಸುಮಂಗಲಾ ಮುಖ ತಿರುಗಿಸಿಕೊಂಡು ನಕ್ಕಳು. ಸ್ವಲ್ಪ ಹೊತ್ತಿಗೆ ಸವಣೂರಿನಿಂದ ಮಲ್ಲಿಕಾರ್ಜುನನೂ ಬಂದ. ಇಬ್ಬರೂ ಮೊದಲೇ ಮಾತಾಡಿಕೊಂಡು ನನ್ನ ಅಂಗಡಿಯನ್ನೇ ಗೊತ್ತು ಮಾಡಿಕೊಂಡಿದ್ದರು. ಎರಡೂ ಮನೆಗಳಿಗೆ ಸೇರದ ಜಾಗ, ಜೊತೆಗೆ ತಪ್ಪು ನಡೆದ ಜಾಗ.

ಲ್ಯಾಮಿನೇಶನ್ ಮೇಜಿನ ಆ ಕಡೆ ಅವನು, ಈ ಕಡೆ ಅವಳು ಕೂತರು. ನಾನು ಕಡತ ಹುಡುಕುವವನಂತೆ ನಟಿಸುತ್ತ ಕಿವಿಯನ್ನು ಅಲ್ಲಿಯೇ ಇಟ್ಟಿದ್ದೆ.

“ಕಾರಿಂದು ನಿಮಗ ಗೊತ್ತಿರಲಿಲ್ಲ, ನಂಬ್ತೇನಿ” ಎಂದಳು ಪಾರ್ವತಿ. “ಗೊತ್ತಾದ ಮ್ಯಾಲೆ ಏನ್ ಮಾಡಿದ್ರಿ?”

“ಕಾಕಾಗ ಬ್ಯಾಡಂತ ಹೇಳೇನಿ. ಕಾರು ಬಂದ್ರ ನಾ ಲಗ್ನಕ್ಕ ಬರೂದಿಲ್ಲ ಅಂದೇನಿ. ಅವರು ನಿನ್ನೆಯಿಂದ ನನ್ನ ಜೋಡಿ ಮಾತು ಬಿಟ್ಟಾರ.”

“ನಮ್ಮಪ್ಪನೂ ನನ್ನ ಜೋಡಿ ಮಾತು ಬಿಟ್ಟಾನ. ಕೊಡ್ತೇನಂತ ಮಾತು ಕೊಟ್ಟೇನಿ, ಮರ್ಯಾದಿ ಹೋತು ಅಂತಾನ.”

ಅವನ ಬೆರಳು ಲ್ಯಾಮಿನೇಶನ್ ಹಾಳೆಯ ಅಂಚನ್ನು ಬಿಚ್ಚುವುದು, ಮುಚ್ಚುವುದು ಮಾಡುತ್ತಿತ್ತು. ಹಾಳೆ ಹಾಳಾಯಿತು, ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

“ಹಂಗಾರ ಇಬ್ರಿಗೂ ಮನಿಯೊಳಗ ಮಾತಾಡೂವ್ರು ಇಲ್ಲ” ಎಂದಳು ಪಾರ್ವತಿ. “ನಾವರ ಮಾತಾಡೂಣು.”

ಮಾತಾಡಿದರು. ಏನೆಂದು ಕೇಳಿಸಲಿಲ್ಲ, ಏಕೆಂದರೆ ಸುಮಂಗಲಾ ನನ್ನ ಕಿವಿ ಎಲ್ಲಿದೆಯೆಂದು ಪತ್ತೆ ಹಚ್ಚಿ, ಝೆರಾಕ್ಸ್ ಯಂತ್ರವನ್ನು ಬೇಕೆಂದೇ ಚಾಲೂ ಮಾಡಿದ್ದಳು. ಕೊನೆಗೆ ಪಾರ್ವತಿ ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, “ಮತ್ತೊಮ್ಮೆ ಅಚ್ಚು ಹಾಕ್ರಿ ಅಣ್ಣಾರ. ಈ ಸಲ ನಾನ ಓದ್ತೇನಿ” ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಾಗದದ ಖರ್ಚು ನನ್ನದೇ ಎಂದುಬಿಟ್ಟೆ. ಸುಮಂಗಲಾ ಕಣ್ಣು ಬಿಟ್ಟಳು. ಅದೊಂದು ತೀರ್ಮಾನವನ್ನು ನಾನು ಆಕೆಯನ್ನು ಕೇಳದೆ ಮಾಡಿದ್ದೆ.

ಅಷ್ಟರಲ್ಲಿ ಇಮ್ತಿಯಾಜ ಹಳೆಯ ಆವೃತ್ತಿಯನ್ನು ಮರಳಿ ಹಾಕಿ ಅರ್ಕಾವೊತ್ತನ್ನು ಬದುಕಿಸಿದ್ದ. ಆದರೆ ಸೋಲೊಪ್ಪಲಿಲ್ಲ. “ಅಕ್ಕಾರ, ಅಪ್‌ಡೇಟ್ ತಾನ ಆಗೂದ ಚಲೋರಿ. ಕೇಳ್ಕೋತ ಕುಂತ್ರ ಈ ಅಣ್ಣಾರಂಥವ್ರು ವರ್ಷಗಟ್ಟಲೆ ಮುಂದೂಡ್ತಾರ. ಆಮ್ಯಾಲೆ ವೈರಸ್ ಬಂತಂತ ನನಗ ಫೋನ್ ಹಚ್ತಾರ” ಎಂದ.

“ವೈರಸ್ ತಡಿಯೂದಿದ್ರ ನೀವ ಹಾಕ್ರಿ, ಯಾರು ಬ್ಯಾಡ ಅಂತಾರ?” ಎಂದಳು ಪಾರ್ವತಿ. “ನನ್ನ ಹೆಸರಿಗೆ ಕೈ ಹಚ್ಚೂದಿದ್ರ ಕೇಳ್ರಿ. ಒಳ್ಳೇದಕ್ಕ ಅಂತ ಹೇಳಿ ಕೇಳದ ಮಾಡೂವ್ರು ನಮ್ಮ ಮನಿಯೊಳಗ ಬೇಕಾದಷ್ಟ ಅದಾರ. ಇನ್ನ ಮಷೀನೂ ಬ್ಯಾಡ.”

ಇಮ್ತಿಯಾಜ ತಲೆ ಕೆರೆದುಕೊಂಡು, ಹಾಗೂ ಮಾಡಲು ಬರುತ್ತದೆ, ಅದಕ್ಕೆ ಬೇರೆ ಗುಂಡಿಯಿದೆ ಎಂದ. ಬರುತ್ತಿದ್ದರೆ ಮೊದಲೇ ಯಾಕೆ ಮಾಡಲಿಲ್ಲವೋ ಎಂದು ನಾನು ಕೇಳಿದ್ದಕ್ಕೆ, “ನೀವು ಕೇಳಲಿಲ್ಲಲ್ರಿ” ಎಂದ.

ಮದುವೆ ಚಿಕ್ಕೇರೂರಿನಲ್ಲಿ ನಡೆಯಿತು. ಕಾರು ಬರಲಿಲ್ಲ, ಮದುಮಗ ಬಂದ. ರುದ್ರಗೌಡರು ಬರುತ್ತಾರೋ ಇಲ್ಲವೋ ಎಂದು ಎಲ್ಲರ ಕಣ್ಣು ಬಾಗಿಲ ಮೇಲಿತ್ತು. ಬಂದರು. ರೇಷ್ಮೆ ರುಮಾಲು ಸುತ್ತಿಕೊಂಡು, ಎಲ್ಲರಿಗಿಂತ ಮುಂದೆ ನಿಂತು ಅಕ್ಷತೆ ಹಾಕಿದರು. ಚನ್ನಬಸಪ್ಪನವರು ಅವರನ್ನು ಅಪ್ಪಿಕೊಂಡು ಕಣ್ಣು ಒರೆಸಿಕೊಂಡದ್ದನ್ನು ಕಂಡು ನಾನೂ ಕರ್ಚೀಫು ಹುಡುಕಿದೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಯಾರೋ ಗೌಡರ ಕೈಗೆ ಮೈಕು ಕೊಟ್ಟರು.

“ನಮ್ಮ ಮನಿತನದೊಳಗ ಕೊಡೂದು ತಗೋಳೂದು ಇಲ್ಲರಿ!” ಎಂದರು ರುದ್ರಗೌಡರು. “ಹೆಣ್ಣಿನವರು ಕಾರು ಕೊಡ್ತೇವಿ ಅಂತ ಗಂಟು ಬಿದ್ರು. ನಾನ ಬ್ಯಾಡ ಅಂದೆ. ಹುಡುಗಿ ಬಂದ್ರ ಸಾಕು ಅಂದೆ!”

ಚಪ್ಪಾಳೆಯೋ ಚಪ್ಪಾಳೆ. ಮಲ್ಲಿಕಾರ್ಜುನ ಹೆಂಡತಿಯ ಕಡೆ ನೋಡಿದ. ಪಾರ್ವತಿ ಬಾಯಿಗೆ ಸೆರಗು ಅಡ್ಡ ಹಿಡಿದಿದ್ದಳು, ಹೆಗಲು ಕುಣಿಯುತ್ತಿತ್ತು. ಮದುಮಗಳು ತವರು ಬಿಟ್ಟು ಹೋಗುವ ದುಃಖವೆಂದು ನನ್ನ ಪಕ್ಕದಲ್ಲಿದ್ದ ಹೆಂಗಸರು ತಾವೂ ಅತ್ತರು.

ನಾನು ಗೌಡರನ್ನು ನೋಡಿ ಬೇಕಾದಷ್ಟು ನಕ್ಕೆ. ಆದರೆ ನಗುವ ಹಕ್ಕು ನನ್ನ ಬಳಿ ಹೆಚ್ಚು ದಿನ ಉಳಿಯಲಿಲ್ಲ. ಪಾವತಿಯ ಕತೆ ಬಾಯಿಂದ ಬಾಯಿಗೆ ಹೋಗುತ್ತ, ಬಂಕಾಪುರ ದಾಟುವಷ್ಟರಲ್ಲಿ ಬೇರೆಯೇ ಆಗಿತ್ತು. ಹಾನಗಲ್ಲಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಒಬ್ಬನು ವರದಕ್ಷಿಣೆಯ ಮಾತನ್ನು ಕೇಳಿ ರೊಚ್ಚಿಗೆದ್ದು, ಪ್ರಾಣದ ಹಂಗು ತೊರೆದು, ಬೇಕೆಂದೇ ಒಂದು ಅಕ್ಷರ ತೆಗೆದು ದೊಡ್ಡವರ ಬಣ್ಣ ಬಯಲು ಮಾಡಿದನಂತೆ! ಒಂದು ಬೆಳಗ್ಗೆ ಸವಣೂರಿನ ಯಾವುದೋ ಸಂಘದವರು ಅಂಗಡಿಗೆ ಬಂದು, ಸರಳ ವಿವಾಹದ ಪ್ರಚಾರಕ್ಕೆ ದುಡಿದವರನ್ನು ಸನ್ಮಾನಿಸುತ್ತಿದ್ದೇವೆ, ತಾವು ಬರಬೇಕು ಎಂದರು. ಅದು ನಾನಲ್ಲ, ಅಪ್‌ಡೇಟ್ ಎಂದು ಹೇಳಲು ಬಾಯಿ ತೆರೆದೆ. “ಎಂಥಾ ಸರಳ ಮನುಷ್ಯಾರಿ, ಯಶಸ್ಸೂ ಬ್ಯಾಡ ಅಂತಾರ” ಎಂದರು. ಅಷ್ಟು ಹೇಳಿದ ಮೇಲೆ ಅವರ ಮನಸ್ಸು ನೋಯಿಸುವುದು ಸರಿ ಕಾಣಲಿಲ್ಲ.

ವೇದಿಕೆಯ ಮೇಲೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು, ನೀವು ಊಹಿಸಿರಬಹುದು, ರುದ್ರಗೌಡರು. ಕಾರು ನಿರಾಕರಿಸಿದ ಮಹನೀಯರೆಂದು ಅವರಿಗೊಂದು ಶಾಲು; ಅಕ್ಷರ ಕ್ರಾಂತಿ ಮಾಡಿದವನೆಂದು ನನಗೊಂದು ಶಾಲು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನನ್ನ ಸರದಿ ಬಂದಾಗ ಮೈಕು ಹಿಡಿದು, ಸಮಾಜಕ್ಕೆ ಒಂದು ಅರ್ಕಾವೊತ್ತಿನಷ್ಟಾದರೂ ಸೇವೆ ಸಲ್ಲಿಸಿದ್ದೇನೆಂಬ ತೃಪ್ತಿ ನನಗಿದೆ ಎಂದೆ. ಗೌಡರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಇಳಿಯುವಾಗ ನನ್ನ ಕೈ ಹಿಡಿದು ಮೆಲ್ಲಗೆ, “ಶಂಕರಣ್ಣಾರ, ನೀವು ನನ್ನ ಸುದ್ದಿಗೆ ಬರಬ್ಯಾಡ್ರಿ, ನಾ ನಿಮ್ಮ ಸುದ್ದಿಗೆ ಬರೂದಿಲ್ಲ” ಎಂದರು. ಒಪ್ಪಂದವಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಸುಮಂಗಲಾ ಮನೆಗೆ ಮರಳುವ ಇಡೀ ದಾರಿ, ಸವಣೂರಿನಲ್ಲಿ ಕೊಂಡ ಖಾರದ ತಿಂಡಿಯ ಪೊಟ್ಟಣ ಖಾಲಿಯಾಗುವವರೆಗೂ, ಒಂದು ಮಾತೂ ಆಡಲಿಲ್ಲ. ಆಕೆ ಬೈದಿದ್ದರೆ ಹಗುರವಾಗುತ್ತಿತ್ತು.

ಶಾಲಿನ ಫೋಟೋವನ್ನು ಅಂಗಡಿಯಲ್ಲಿ ತೂಗುಹಾಕಿದೆ. ಇನ್ನು ಗಿರಾಕಿಗಳ ಸಾಲು ನಿಲ್ಲುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಬರುತ್ತಿದ್ದವರೂ ಫೋಟೋ ನೋಡಿ, ಸ್ವಲ್ಪ ಹೊತ್ತು ನಿಂತು, ಝೆರಾಕ್ಸ್ ಮಾಡಿಸಿಕೊಂಡು ಹೋಗತೊಡಗಿದರು. ಮೊನ್ನೆ ಹಿರೇಕೆರೂರಿನ ಕಡೆಯ ಒಬ್ಬ ಯಜಮಾನರು ಧೈರ್ಯ ಮಾಡಿ ಮಗನ ಲಗ್ನಪತ್ರಿಕೆ ತಂದರು. ಕುರ್ಚಿಯನ್ನು ನನ್ನ ಕುರ್ಚಿಗೆ ತಾಗುವಂತೆ ಎಳೆದುಕೊಂಡು ಕೂತು, ನನ್ನ ಬೆರಳುಗಳನ್ನೇ ದಿಟ್ಟಿಸುತ್ತ ಹೇಳಿದರು:

“ನಾ ಬರದು ಕೊಟ್ಟಿದ್ದ ಹೆಂಗೈತಿ ಹಂಗ ಹಾಕ್ರಿ, ಅಣ್ಣಾರ. ಒಂದ್ ಚುಕ್ಕಿ ಆಚೆ ಈಚೆ ಮಾಡೂದಿದ್ರೂ ಮೊದಲ ನನ್ನ ಕೇಳ್ರಿ. ನಿಮ್ಮನ್ನ ನಂಬೂದಿಲ್ಲಂತಲ್ಲ. ನೀವು ಸಮಾಜ ಸುಧಾರಣಾ ಮಾಡೂ ದೊಡ್ಡ ಮನಿಷಾರು, ಅದಕ್ಕ ನಮಗ ಅಂಜಿಕಿ.”